ಖಣವಿಲ್ಲದ ಸೀರೆ

ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಸಿದರು ಎಂದು ನಮ್ಮ ಹಿರಿಯರು ಆತುರದ ಮಂದಿಯನ್ನು ಆಡಿಕೊಂಡು ನಗುತ್ತಿದ್ದರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಂದು ಖಾನಾವಳಿಯ ಮೇಲಿನ ಮಹಡಿಯಲ್ಲಿ ಕೂತು, ನಾವು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಆ ಕುಲಾಯಿಯ ಕೆಲಸವನ್ನೇ. ನಮ್ಮ ಆ್ಯಪ್‌ನ ಹೆಸರು ‘ಉಡಿ’. ಯಾರಿಗೆ, ಯಾವಾಗ, ಯಾವ ಉಡುಗೊರೆ ಬೇಕಾಗುತ್ತದೆ ಎಂಬುದನ್ನು ಅವರು ಬಾಯಿ ಬಿಡುವ ಮುಂಚೆಯೇ ತಿಳಿದು, ಕಳಿಸುವವರ ಫೋನಿನಲ್ಲಿ ತೋರಿಸುವುದು ಅದರ ಕೆಲಸ. ಅದು ನೋಡಲು ಹೇಗಿರಬೇಕು, ಯಾವ ಗುಂಡಿ ಎಲ್ಲಿರಬೇಕು, ಯಾವ ಪರದೆಯ ಮೇಲೆ ಯಾವ ಮಾತು ಬರಬೇಕು ಎಂದು ತೀರ್ಮಾನಿಸುವವಳು ನಾನು, ಕಸ್ತೂರಿ ಮುಳಗುಂದ. ಬಾಯಿ ಸ್ವಲ್ಪ ಜೋರು. ನಾನು ಎದುರಿಗಿಲ್ಲದಾಗ ಆಫೀಸಿನ ಹುಡುಗರು ನನ್ನನ್ನು ‘ಖಾರಬ್ಯಾಳಿ’ ಎಂದು ಕರೆಯುತ್ತಾರೆ ಎಂಬುದೂ ಗೊತ್ತು. ಕರೆಯಲಿ ಬಿಡಿ.

ಕಂಪನಿಯ ಮಾಲಕ ವಿನಾಯಕ ಕುಂದಗೋಳ. ಮನೆತನದ ಹಿತ್ತಾಳೆ ಪಾತ್ರೆಯ ವ್ಯಾಪಾರ ಬಿಟ್ಟು ಇದಕ್ಕೆ ಕೈ ಹಾಕಿದ ಮನುಷ್ಯ. ಅವನ ತಲೆಯಲ್ಲಿ ಇದ್ದದ್ದು ಒಂದೇ ಮಾತು: “ಏನ್ ಬೇಕು ಅಂತ ಕೇಳಿ ಕೊಟ್ರ ಅದು ಉಡುಗೊರಿ ಅಲ್ರಿ. ನಮ್ಮ ಮಂದಿ ಕೇಳಿದ್ರ ‘ಅಯ್ಯ, ಏನೂ ಬ್ಯಾಡ ತಗೋ’ ಅಂತಾರ. ನಿಜವಾಗ್ಲೂ ಕೊಡದ ಬಿಟ್ರ ಸಾಯೋತನಕ ಎತ್ತಿ ಆಡ್ತಾರ. ಕೇಳದ ತಿಳಕೋಬೇಕು.” ಸುಳ್ಳಲ್ಲ. ನಮ್ಮ ಮಂದಿಯನ್ನು ಅವನು ಸರಿಯಾಗಿಯೇ ಅಳೆದಿದ್ದ.

ಕೇಳದೆ ತಿಳಿದುಕೊಳ್ಳುವ ಆ ಬುದ್ಧಿಯನ್ನು ಕಟ್ಟಿಕೊಟ್ಟವನು ಹಳೇ ಹುಬ್ಬಳ್ಳಿಯ ನೌಶಾದ್ ಮುಲ್ಲಾ. ಮಿತಭಾಷಿ, ಚಹಾಕ್ಕೆ ಬಿಸ್ಕೀಟು ಅದ್ದಿ ಅದು ಕರಗಿ ಬೀಳುವವರೆಗೂ ಪರದೆ ನೋಡುತ್ತ ಕೂರುವವನು. ಉಡುಗೊರೆ ಪಡೆಯುವವರು ತಮ್ಮ ಫೋನಿನಲ್ಲಿ ಉಡಿಯನ್ನು ಹಾಕಿಕೊಂಡು ‘ನನ್ನವರಿಗೆ ನಾ ತಿಳಿಯಲಿ’ ಎಂಬ ಗುಂಡಿ ಒತ್ತಿದರೆ ಮುಗಿಯಿತು. ಅವರು ಹೇಗೆ ನಡೆಯುತ್ತಾರೆ, ಯಾವಾಗ ಮಲಗುತ್ತಾರೆ, ಮಾತಾಡುವಾಗ ಎಲ್ಲಿ ನಿಂತು ಉಸಿರು ತಗೊಳ್ಳುತ್ತಾರೆ, ಫೋನನ್ನು ಕಣ್ಣಿಗೆ ಎಷ್ಟು ಹತ್ತಿರ ಹಿಡಿಯುತ್ತಾರೆ, ಎಲ್ಲವನ್ನೂ ಅದು ಗಮನಿಸುತ್ತಿತ್ತು. ಮುಂದೆ ಕೆಲವು ವಾರಗಳಲ್ಲಿ ಅವರಿಗೆ ಯಾವ ಉಡುಗೊರೆ ಹೋಯಿತು ಎಂಬುದನ್ನು ನೋಡಿ ಎರಡನ್ನೂ ತಾಳೆ ಹಾಕುತ್ತಿತ್ತು. ಹೀಗೆ ಲಕ್ಷಾಂತರ ಮಂದಿಯನ್ನು ತಾಳೆ ಹಾಕಿ ಹಾಕಿ, ಮುಂದಿನ ಉಡುಗೊರೆ ಯಾವುದು ಎಂದು ಮೊದಲೇ ಹೇಳುವುದನ್ನು ಕಲಿತಿತ್ತು. ಯಾಕೆ ಎಂದು ಕೇಳಿದರೆ ಮಾತ್ರ ಅದರ ಹತ್ತಿರ ಉತ್ತರವಿಲ್ಲ.

ಧಾರವಾಡದ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರಿಗೆ ಮಗನಿಂದ ಊರುಗೋಲು ಕಳಿಸಲು ಹೇಳಿತು. ಅವರ ಮೊಣಕಾಲು ಸವೆದದ್ದು ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ. ಹಾವೇರಿಯಲ್ಲಿ ಒಬ್ಬ ಸೋದರಮಾವ ಏಳನೆಯ ಇಯತ್ತೆಯ ಹುಡುಗಿಗೆ ಕನ್ನಡಕ ಕಳಿಸಿ ಮನೆಮಂದಿಯ ಕಣ್ಣಲ್ಲಿ ದೇವರಾದ. “ಇದರ ಬಾಯಾಗ ಸಕ್ಕರಿ ಹಾಕ್ಲಿ” ಎಂದು ಜನ ಬರೆದು ಕಳಿಸುತ್ತಿದ್ದರು. ನಾವು ಬೀಗುತ್ತಿದ್ದೆವು. ನಾನಂತೂ ಬೀಗಿದೆ.

ಆ್ಯಪ್‌ನ ಮೊದಲ ಪರದೆಗೆ ಸಂದರ್ಭಗಳ ಚಿತ್ರ ಬರೆಯುವಾಗ ಒಂದು ಮಾತು ಆಗಿತ್ತು. ಲಗ್ನ, ಸೀಮಂತದ ಕುಬಸ, ತೊಟ್ಟಿಲು, ಪಂಚಮಿ, ದೀಪಾವಳಿ, ಹೊಸ ಮನಿ, ಎಲ್ಲವೂ ಆದ ಮೇಲೆ ನೌಶಾದ್ ಸಹಜವಾಗಿ ಕೇಳಿದ, “ಯಾರರ ತೀರಿಕೊಂಡಾಗ ಕಳಸೋದಕ್ಕ ಒಂದು ಬ್ಯಾಡೇನ್ರಿ?”

“ಥೂ, ಬಿಡ್ತು ಅನ್ನು!” ಎಂದು ನಾಲ್ಕೈದು ಬಾಯಿ ಒಟ್ಟಿಗೆ ಗದರಿದವು. ವಿನಾಯಕ ಕೈ ಮುಗಿದೇಬಿಟ್ಟ. “ಶುಭಕಾರ್ಯದ ಆ್ಯಪ್ ಇದು ಮಾರಾಯ. ಅಶುಭದ ಶಬ್ದ ಇದರಾಗ ಒಂದೂ ಬರಬಾರದು.” ನಮಗೆಲ್ಲ ಅದು ಸರಿಯೆನಿಸಿತು. ಸಾವಿಗೆ ಉಡಿಯಲ್ಲಿ ಜಾಗ ಇಡಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

*

ಆ ವರ್ಷದ ಶ್ರಾವಣ. ನಾಗರಪಂಚಮಿಗೆ ಅಣ್ಣತಮ್ಮಂದಿರು ಕೊಟ್ಟ ಹೆಣ್ಣುಮಕ್ಕಳಿಗೆ ಸೀರೆ, ಉಂಡಿ ಕಳಿಸುವ ಸುಗ್ಗಿ. ಆಫೀಸಿನಲ್ಲಿ ಉಸಿರಾಡಲು ಬಿಡುವಿಲ್ಲ. ಅಂಥದ್ದರಲ್ಲಿ ಒಂದೇ ಬಗೆಯ ದೂರು ಮೇಲಿಂದ ಮೇಲೆ ಬರತೊಡಗಿತು. ಒಂದು ಕರೆಯನ್ನು ನಾನೇ ಎತ್ತಿದೆ. ನರಗುಂದದ ಶಿವಪುತ್ರಪ್ಪ ಎಂಬವರು. ಫೋನಿನಲ್ಲೇ ಹೊಡೆಯಲು ಬರುವವರ ಹಾಗೆ ಕೂಗುತ್ತಿದ್ದರು.

“ಏನ್ ಮಂದಿರಿ ನೀವು? ರೋಣಕ್ಕ ಕೊಟ್ಟ ನನ್ನ ತಂಗಿಗೆ ಪಂಚಮಿ ಸೀರಿ ಕಳಿಸಿದ್ರ ಬರೀ ಸೀರಿ ಒಯ್ದು ಒಗದೀರಿ! ಖಣ ಇಲ್ಲ, ಅರಿಷಿಣ ಕುಂಕುಮ ಇಲ್ಲ, ಮ್ಯಾಲ ಒಂದು ಬಣ್ಣದ ಹಾಳಿ ಸೈತ ಇಲ್ಲ. ಮುತ್ತೈದಿಗೆ ಹಂಗ ಕೊಡ್ತಾರೇನ್ರಿ? ನಿಮ್ಮನಿಯಾಗ ಹೆಣ್ಣಮಕ್ಕಳಿಲ್ಲೇನು?”

“ತಪ್ಪಾಗೇತ್ರಿ ಅಣ್ಣಾರ, ಖಣ ಇವತ್ತ ಕಳಸ್ತೀವಿ” ಎಂದೆ. ಯಾರು ಕೇಳಿದರೂ ಅದು ನಮ್ಮದೇ ತಪ್ಪು. ಆ್ಯಪ್ ಸೂಚಿಸಿದ್ದಕ್ಕೆ ಅವರು ಕಣ್ಣು ಮುಚ್ಚಿ ‘ಆಗಲಿ’ ಒತ್ತಿದ್ದರು, ಅಷ್ಟೇ.

ಯಾಕೆ ಹೀಗೆ ಎಂದು ನೌಶಾದ್‌ನನ್ನು ಕೇಳಿದೆ. “ಬುದ್ಧಿ ಹಂಗ ಆರಿಸಾಕತ್ತೈತ್ರಿ ಅಕ್ಕಾರ. ಕೆಲವರಿಗಷ್ಟ. ಒಂದು ವಾರ ಕೊಡ್ರಿ, ಒಳಗ ಹೊಕ್ಕು ನೋಡತೇನಿ” ಎಂದ. ಹಬ್ಬದ ಹೊತ್ತಿನಲ್ಲಿ ವಾರ ಎಲ್ಲಿಂದ ತರುವುದು? ವಿನಾಯಕ, “ಒಳಗ ಏನರ ಇರಲಿ, ಮ್ಯಾಲ ಖಣ ಸೇರಿಸಿಬಿಡ್ರಿ” ಎಂದ. ಸೀರೆ ಎಂದಾದರೆ ರವಿಕೆಯ ಖಣ, ಅರಿಷಿಣ ಕುಂಕುಮ, ಬಣ್ಣದ ಹೊದಿಕೆ ತಾನಾಗಿ ಸೇರುವಂತೆ ನಾನು ಅವತ್ತೇ ಪರದೆ ಬದಲಿಸಿದೆ. ದೂರು ನಿಂತಿತು. ವಿನಾಯಕ ಎಲ್ಲರಿಗೂ ಗಿರಮಿಟ್ಟು ತರಿಸಿದ.

*

ಹಬ್ಬದ ಮರುದಿನ ಗದಗಿಗೆ, ನನ್ನ ಅಕ್ಕ ನೀಲಾಂಬಿಕಾಳ ಮನೆಗೆ ಹೋದೆ. ನಮ್ಮಿಬ್ಬರಿಗೂ ವಯಸ್ಸಿನಲ್ಲಿ ಬಹಳ ಅಂತರ. ಅವ್ವ ಬೇಗ ಹೋದ ಮೇಲೆ ನನ್ನ ತಲೆ ಬಾಚಿ, ಬೈದು, ಬಡಿದು ದೊಡ್ಡವಳನ್ನಾಗಿ ಮಾಡಿದವಳು ನೀಲಕ್ಕನೇ. ಕನ್ನಡ ಸಾಲಿಯ ಹೆಡ್‌ಮೇಡಂ. ಅವಳು ಕೆಮ್ಮಿದರೂ ಮೂರು ಓಣಿಗೆ ಕೇಳುತ್ತದೆ. ಈ ಸಲ ಅವಳು ಪಂಚಮಿಗೆ ತವರಿಗೆ ಹೋಗಿರಲಿಲ್ಲ. ಮಗಳು ಪಮ್ಮಿ ಚೊಚ್ಚಲು ಬಾಣಂತಿ, ಮನೆಯಲ್ಲಿ ಹಸಿಗೂಸು. ಹಾಗಾಗಿ ನಮ್ಮಣ್ಣ ಈರಣ್ಣ ನವಲಗುಂದದಿಂದ ಉಡಿಯಲ್ಲೇ ಸೀರೆ ಕಳಿಸಿದ್ದ.

“ನೋಡ ನಿನ್ನ ಆ್ಯಪಿನ ಸೀರಿ” ಎಂದು ನೀಲಕ್ಕ ಕಟ್ಟು ಬಿಚ್ಚಿ ತೋರಿಸಿದಳು. ಇಳಕಲ್ಲ ಸೀರೆ, ಒಳ್ಳೆಯ ದಾಳಿಂಬರಿ ಬಣ್ಣ, ಮೇಲೆ ಗುಳೇದಗುಡ್ಡದ ಖಣ. “ನಮ್ಮ ಈರ್‍ಯಾಗ ಇಷ್ಟು ಚಂದ ಆರಿಸೋ ಬುದ್ಧಿ ಯಾವಾಗ ಬಂತು ಅಂತೀನಿ! ಹ್ವಾದ ವರ್ಷ ಗೋಣಿಚೀಲದ ಬಣ್ಣದ್ದು ತಂದಿದ್ದ.”

“ಬುದ್ಧಿ ಅವಂದಲ್ಲ, ನಮ್ದು” ಎಂದೆ.

ಒಳಗಿನ ಕೋಣೆಯಲ್ಲಿ ಪಮ್ಮಿ ಎರಡು ದಿಂಬಿಗೆ ಒರಗಿ ಕೂತಿದ್ದಳು. ಕೋಣೆಯ ತುಂಬ ಲೋಬಾನದ ಹೊಗೆ, ತಲೆಗೆ ಬಿಗಿಯಾದ ವಸ್ತ್ರ. ಕಾಲು ಬಾತಿದ್ದವು. “ದಣಿವು ಚಿಕ್ಕವ್ವಾ” ಎಂದು ನಕ್ಕಳು. “ಬಾಣಂತಿ ಅಂದ್ರ ಹಂಗ. ನಿಮ್ಮವ್ವನೂ ನಿನ್ನ ಹಡದಾಗ ಹಿಂಗ ಬಾತಿದ್ಲು” ಎಂದು ನಾನೇ ಸಮಾಧಾನ ಹೇಳಿ, ಕೂಸಿನ ಗಲ್ಲ ಹಿಂಡಿ, ಅಂಟಿನ ಉಂಡಿ ತಿಂದು ಹುಬ್ಬಳ್ಳಿ ಬಸ್ಸು ಹತ್ತಿದೆ.

*

ಮುಂದೆ ಸ್ವಲ್ಪ ದಿನಕ್ಕೆ ಶಿವಪುತ್ರಪ್ಪನವರ ಫೋನು ಮತ್ತೆ ಬಂತು. ನನ್ನನ್ನೇ ಕೇಳಿದರಂತೆ. ಇನ್ನೇನು ಬೈಯುತ್ತಾರೋ ಎಂದು ಸೆಟೆದು ಕೂತೆ. ಆದರೆ ಈ ಸಲ ಅವರ ದನಿ ನೆಲಕ್ಕೆ ಇಳಿದಿತ್ತು.

“ಅವತ್ತು ಬಾಯಿಗೆ ಬಂದಂಗ ಬೈದೆ, ತಂಗೀ. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನನ್ನ ತಂಗಿ ಗಂಗು ಮೊನ್ನೆ ತೀರಿಕೊಂಡ್ಲು. ಕುಂತಾಕಿ ಕುಂತಂಗ ಹ್ವಾದ್ಲು.”

“ಅಯ್ಯ ಶಿವನೇ” ಎಂದೆ.

“ನಿಮಗ ಗೊತ್ತಲ್ಲ, ಹೆಣ್ಣಮಗಳ ಮೈಮ್ಯಾಲೆ ಕಡೀ ಸೀರಿ ತವರಿಂದು ಬೀಳಬೇಕು. ನಾ ನರಗುಂದದಿಂದ ಹೋಗಿ ಮುಟ್ಟೋದರಾಗ ಅಂಗಡಿ ಎಲ್ಲಾ ಬಂದ್. ಕೈ ಕಾಲು ಆಡವಲ್ದು. ಆಗ ಆಕಿ ಸೊಸಿ ನಿಮ್ಮ ಸೀರಿ ತಂದು ಕೊಟ್ಲು. ಖಣ ಇಲ್ಲಂತ ಗಂಗು ಅದನ್ನ ಹಬ್ಬಕ್ಕ ಉಟ್ಟಿದ್ದಿಲ್ಲ, ನಿಮ್ಮ ಖಣ ಆಮ್ಯಾಲ ಬಂದ್ರೂ ಹೊಲಿಸಿದ್ದಿಲ್ಲ. ಹಂಗ ಮಡಚಿ ಇಟ್ಟಿದ್ಲು. ಅದನ್ನ ಹೊದಿಸಿದ್ವಿ.” ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಸತ್ತಾಕಿಗೆ ಖಣ ಯಾಕ ಬೇಕ್ರಿ? ಹೊಲಿಸಿ ತೊಡಸವರ ಯಾರು? ಸರಿಯಾಗಿ ಏನ್ ಬೇಕೋ ಅದ್ನ ಕಳಸಿದ್ರಿ ನೀವು. ಒಂದು ಕೇಳಲೇನು ತಂಗೀ? ನಿಮಗ ಹ್ಯಾಂಗ ಗೊತ್ತಾತು?”

ಫೋನು ಇಟ್ಟದ್ದು ನೆನಪಿಲ್ಲ. ಎದ್ದು ಹೋಗಿ ನೌಶಾದ್‌ನ ಬೆನ್ನ ಹಿಂದೆ ನಿಂತೆ.

“ಖಣ ಇಲ್ಲದ ಸೀರಿ ದೂರು ಕೊಟ್ರಲ್ಲ, ಆ ಮನಿಗಳಿಗೆ ಫೋನ್ ಹಚ್ಚು” ಎಂದೆ. “ಸೀರಿ ಮುಟ್ಟಿದ ಹೆಣ್ಣಮಕ್ಕಳು ಹ್ಯಾಂಗ ಅದಾರ ಅಂತ ಕೇಳು.”

“ಹ್ಯಾಂಗ ಅದಾರ ಅಂದ್ರ?”

“ಅದಾರೋ ಇಲ್ಲೋ ಅಂತ ಕೇಳೋ!”

ಅವನು ಅರ್ಧ ಹಂಚಿಕೊಂಡ, ನಾನು ಅರ್ಧ. ಮುಂಡರಗಿಯ ಮನೆಯಲ್ಲಿ ಯಾರೋ ‘ದಿನಕರ್ಮ ನಡದಾವ್ರಿ, ಆಮ್ಯಾಲ ಮಾಡ್ರಿ’ ಎಂದರು. ಸವದತ್ತಿಯಲ್ಲಿ ಒಬ್ಬಳು ಸೊಸೆ ಅತ್ತುಬಿಟ್ಟಳು. ಕೊಪ್ಪಳದ ಅಜ್ಜಿ ದವಾಖಾನೆಯಲ್ಲಿದ್ದಳು, ಮಾತು ನಿಂತಿತ್ತು. ಇನ್ನೊಂದು ಮನೆಯಲ್ಲಿ ಫೋನೆತ್ತಿದ ಮಗ, ‘ಉಡಿ’ ಎಂದು ಕೇಳುತ್ತಲೇ, “ನಮ್ಮವ್ವನ ಹೆಸರು ತಗದುಬಿಡ್ರಿ, ಹಬ್ಬಕ್ಕೊಮ್ಮೆ ನೆನಪಿಸಬ್ಯಾಡ್ರಿ” ಎಂದ. ನೌಶಾದ್ ಒಂದು ಹಂತದಲ್ಲಿ ಫೋನು ಕೆಳಗಿಟ್ಟು, ತಲೆಯ ಮೇಲೆ ಎರಡೂ ಕೈ ಹೊತ್ತು ಕೂತುಬಿಟ್ಟ. “ಯಾ ಅಲ್ಲಾ” ಎಂದು ಮಾತ್ರ ಅಂದ. ಕೆಳಗಿನ ಖಾನಾವಳಿಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಅವನು ಯಂತ್ರದ ಒಳಗನ್ನು ತೆರೆದು ತೋರಿಸಿದ. ನನಗೆ ಅರ್ಥವಾಗುವಷ್ಟು ಸರಳವಾಗಿ ಹೇಳಿದ. ನಾವು ಉಡಿಯಲ್ಲಿ ಸಾವಿಗೆ ಜಾಗ ಇಟ್ಟಿರಲಿಲ್ಲ. ಆದರೆ ಜನ ಸಾಯುವುದನ್ನು ನಿಲ್ಲಿಸಿರಲಿಲ್ಲವಲ್ಲ. ಅಕ್ಕನೋ ತಂಗಿಯೋ ತೀರಿಕೊಂಡ ಸುದ್ದಿ ಬಂದಾಗ ಅಣ್ಣತಮ್ಮಂದಿರು ‘ತವರಿನ ಸೀರೆ’ ಎಂಬ ನಮ್ಮ ಪಂಚಮಿಯ ಗುಂಡಿಯನ್ನೇ ಒತ್ತುತ್ತಿದ್ದರು. ಖಣ ಬೇಡ, ಕುಂಕುಮ ಬೇಡ, ಹೊದಿಕೆ ಬೇಡ, ಚೀಟಿಯಲ್ಲಿ ಮಾತು ಬೇಡ, ತಡ ಮಾಡದೆ ಮುಟ್ಟಿಸಿ. ವರ್ಷಗಟ್ಟಲೆ ಹೀಗೆ ನಡೆದಿತ್ತು. ನಮ್ಮ ಕಣ್ಣಿಗೆ ಅವೂ ಸೀರೆಗಳೇ. ಯಂತ್ರ ಎಂದಿನಂತೆ ಹಿಂದಿನ ವಾರಗಳನ್ನು ತಾಳೆ ಹಾಕಿತ್ತು: ನಡಿಗೆ ಹೀಗೆ ಸಣ್ಣದಾದವರಿಗೆ, ಮಾತಿನ ನಡುವೆ ಹೀಗೆ ನಿಂತು ಉಸಿರು ಎಳೆದವರಿಗೆ, ನಿದ್ದೆಯಲ್ಲಿ ಹೀಗೆ ಎದ್ದೆದ್ದು ಕೂತವರಿಗೆ ಮುಂದೆ ಹೋಗುವುದು ಬರಿಯ ಸೀರೆ.

“ಸಾವು ಅಂತ ನಾವು ಅದಕ್ಕ ಕಲಿಸೇ ಇಲ್ರಿ ಅಕ್ಕಾರ” ಎಂದ ನೌಶಾದ್. “ಅದು ಸೀರಿ ಅಂತ ಕಲತೈತಿ. ಮುಂದ ಬೇಕಾಗೋ ಉಡುಗೊರಿ ಅಂತ, ಪ್ರೀತಿಲೆ ಆರಿಸಿ ಕೊಡಾಕತ್ತೈತಿ.”

“ಮತ್ತ ಈಗ? ಖಣ ಸೇರಿಸಿದ ಮ್ಯಾಲೆ?”

“ಖಣ ಸೇರಿಸಿದ್ದು ನಾವು, ಮ್ಯಾಲಿನ ಪರದೆಗೆ. ಒಳಗ ಅದು ಈಗೂ ಬರೀ ಸೀರೀನ ಆರಿಸಾಕತ್ತೈತಿ. ನಮಗ ಕಾಣಂಗಿಲ್ಲ ಅಷ್ಟ.”

ದಾಳಿಂಬರಿ ಬಣ್ಣದ ಸೀರೆ ಕಣ್ಣ ಮುಂದೆ ಬಂತು. ನೌಶಾದ್‌ನ ಕೈಯಿಂದ ಕೀಲಿಮಣೆಯನ್ನು ಎಳೆದುಕೊಂಡು ನೀಲಕ್ಕನ ಫೋನ್ ನಂಬರು ಹೊಡೆದೆ.

ಸೀರೆ. ಖಣ ಇಲ್ಲ. ಕುಂಕುಮ ಇಲ್ಲ. ಹೊದಿಕೆ ಇಲ್ಲ. ಬೇಗ ಮುಟ್ಟಿಸಬೇಕು.

*

“ನಮ್ಮ ಆಫೀಸಿನವರು ಮನಿ ಮಂದಿಗೆಲ್ಲ ಪುಕ್ಕಟೆ ಆರೋಗ್ಯ ತಪಾಸಣಿ ಮಾಡ್ಸಾಕತ್ತಾರ, ನಡಿ” ಎಂದು ಮರುದಿನ ಬೆಳಗ್ಗೆ ನೀಲಕ್ಕನ ಮುಂದೆ ನಿಂತು ಸುಳ್ಳು ಹೇಳಿದೆ. ನಿಜ ಹೇಳಲು ಬಾಯಿ ಬರಲಿಲ್ಲ. ಹೆತ್ತ ತಾಯಿಯಂಥವಳಿಗೆ ‘ನೀನು ಸಾಯುತ್ತಿ, ಬಾ’ ಎಂದು ಹೇಗೆ ಹೇಳುವುದು?

“ಪುಕ್ಕಟೆ ಸಿಕ್ರ ನನಗೊಂದು ನಮ್ಮಪ್ಪಗೊಂದು ಅನ್ನೋ ಜಾತಿ ನಿಂದು” ಎಂದು ನಗೆಯಾಡಿದಳು. “ನನಗೇನ್ ಧಾಡಿ ಆಗೇತಿ? ಕಲ್ಲು ತಿಂದು ಕಲ್ಲು ಅರಗಿಸ್ತೇನಿ.” ಆದರೂ ಪಮ್ಮಿಯನ್ನು ಆಗಾಗ ನೋಡಿ ಹೋಗಲು ಬಾಜೂ ಮನೆಯವರಿಗೆ ಹೇಳಿ, ಸಾಲಿಗೆ ರಜೆ ಹಾಕಿ ಬಂದಳು. ನನ್ನ ಮುಖ ನೋಡಿ ಏನೋ ಇದೆ ಎಂದು ಅವಳಿಗೆ ಅನಿಸಿರಬೇಕು.

ದವಾಖಾನೆಯಲ್ಲಿ ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು, ಓಡುವ ಪಟ್ಟಿಯ ಮೇಲೆ ಓಡಿಸಿದರು. ಸೀರೆ ಎತ್ತಿ ಕಟ್ಟಿ ನೀಲಕ್ಕ ಓಡಿದ ಓಟಕ್ಕೆ ನರ್ಸುಗಳು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಹೀಗೆ ಇಡೀ ದಿನ ಹೋಯಿತು. ಸಂಜೆ ಡಾಕ್ಟರು ಕಾಗದಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, “ನಿಮ್ಮ ಅಕ್ಕಾರ ಹಾರ್ಟು ನಿಮಗಿಂತ ಚಂದ ಐತಿ ನೋಡ್ರಿ. ಎಲ್ಲಾ ನಾರ್ಮಲ್” ಎಂದರು.

ನಾನು ಅಲ್ಲೇ, ಮಂದಿಯ ಮುಂದೆ, ಗಳಗಳ ಅತ್ತುಬಿಟ್ಟೆ. ನೀಲಕ್ಕ ಗಾಬರಿಯಾಗಿ ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ ಚಹಾ ಕುಡಿಸಿದಳು. ಎಲ್ಲವನ್ನೂ ಹೇಳಿದೆ. ಗಂಗಮ್ಮನ ಸೀರೆ, ಫೋನುಗಳು, ಯಂತ್ರ ಕಲಿತದ್ದು, ಅವಳ ನಂಬರಿಗೆ ಬಂದದ್ದು, ಒಂದೂ ಬಿಡದೆ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಸೆರಗಿನಿಂದ ನನ್ನ ಕಣ್ಣು ಒರೆಸಿದಳು. “ಎಂಥಾ ಹುಚ್ಚಿ ನೀನು. ಯಂತ್ರ ಅಂದ ಮ್ಯಾಲ ತಪ್ಪತೈತಿ. ನೋಡು, ನಾ ಗುಂಡಕಲ್ಲಿನಂಗ ಅದೇನಿ.”

“ಆದ್ರ ಅದು ಇಲ್ಲಿತನಕ ತಪ್ಪಿಲ್ಲಕ್ಕಾ. ನಿನ್ನ ನಡಿಗಿ, ನಿನ್ನ ಉಸಿರು, ನೀ ಮಲಗೋದು, ಎಲ್ಲಾ ಫೋನಿನಿಂದ ತಿಳಕೋತೈತಿ ಅದು.”

“ಯಾವ ಫೋನು?”

“ನಿಂದು. ಈರಣ್ಣ ಕೊಡಿಸಿದ ದೊಡ್ಡದು.”

“ಅಯ್ಯ, ಅದು ನನ್ನ ಕಡೆ ಎಲ್ಲೈತಿ?” ನೀಲಕ್ಕ ಚೀಲದಿಂದ ಗುಂಡಿ ಒತ್ತುವ ಒಂದು ಸಣ್ಣ ಫೋನು ತೆಗೆದು ಮೇಜಿನ ಮೇಲಿಟ್ಟಳು. “ನಾ ಸಾಲಿಗೆ ಇದನ್ನ ಒಯ್ತೇನಿ. ಬಾಣಂತಿ ಫೋನ್ ನೋಡಿದ್ರ ಕಣ್ಣು ಕೆಡತಾವ ಅಂತ ಪಮ್ಮಿ ಫೋನು ಕಸಗೊಂಡು ಟ್ರಂಕಿನ್ಯಾಗ ಹಾಕೇನಿ. ಆಮ್ಯಾಲ ಪಾಪ, ಗಂಡನ ಕೂಡ ಮಾತಾಡೂದು ಬ್ಯಾಡೇನು ಅಂತ ನಂದು ಕೊಟ್ಟೆ. ಹಡದಾಗಿಂದ ಅದು ಆಕಿ ದಿಂಬಿನ...”

ಅವಳ ಮುಖದ ಮೇಲಿನ ನಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಹೋಗುವುದನ್ನು ನಾನು ನೋಡಿದೆ.

“ಕಸ್ತೂರೀ” ಎಂದಳು. ಮೂರು ಓಣಿಗೆ ಕೇಳುವ ದನಿ ನನಗೂ ಕೇಳಿಸದಷ್ಟು ಸಣ್ಣದಾಗಿತ್ತು. “ಮಲಗಿದ್ರ ದಮ್ಮು ಕಟ್ಟತೈತಿ ಅಂತ ಆಕಿ ರಾತ್ರಿಯೆಲ್ಲಾ ಕುಂತ ಮಲಗ್ತಾಳ. ನಾ... ನಾ ಇನ್ನೊಂದು ದಿಂಬು ಕೊಟ್ಟೆ.”

ಆಟೋದಲ್ಲಿ ನೀಲಕ್ಕ ಆ ಸಣ್ಣ ಫೋನಿನಿಂದ ತನ್ನದೇ ನಂಬರಿಗೆ ಹಚ್ಚುತ್ತಲೇ ಇದ್ದಳು. ಅದು ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಮನೆಯಲ್ಲಿ ಕೂಸು ಕಿರುಚಿ ಅಳುತ್ತಿತ್ತು. ಪಮ್ಮಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿದ್ದವು. ಪಕ್ಕದಲ್ಲಿ ಅಳುವ ಕೂಸನ್ನು ಎತ್ತಿಕೊಳ್ಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. “ಏನಿಲ್ಲವ್ವಾ” ಎಂದು ಎರಡು ಉಸಿರಿನಲ್ಲಿ ಹೇಳಿದಳು.

ಅದೇ ದವಾಖಾನೆ, ಅದೇ ಡಾಕ್ಟರು. ಈ ಸಲ ಅವರು ನಗಲಿಲ್ಲ, ಓಡಿದರು. ಹೆರಿಗೆಯ ಬೆನ್ನಿಗೆ ಕೆಲವು ಹೆಣ್ಣುಮಕ್ಕಳ ಹೃದಯದ ಸ್ನಾಯು ಸೋತು ಹಿಗ್ಗುತ್ತದಂತೆ. ರಕ್ತವನ್ನು ಸರಿಯಾಗಿ ತಳ್ಳಲಾರದೆ ಪುಪ್ಪುಸದಲ್ಲಿ ನೀರು ತುಂಬುತ್ತದಂತೆ. ಕಾಲು ಬಾಯುತ್ತವೆ, ದಣಿವಾಗುತ್ತದೆ, ಅಡ್ಡಾದರೆ ಉಸಿರು ಕಟ್ಟುತ್ತದೆ. “ಬಾಣಂತಿ ಅಂದ್ರ ಹಂಗ ಅಂತ ಮನಿಯಾಗ ಎಲ್ಲಾರೂ ಸುಮ್ಮನ ಇದ್ದುಬಿಡ್ತಾರ್ರಿ” ಎಂದರು ಡಾಕ್ಟರು. “ಒಂದೆರಡು ದಿನ ತಡ ಮಾಡಿದ್ರ ನಾ ಏನೂ ಮಾಡಾಕ ಬರ್ತಿದ್ದಿಲ್ಲ.”

ಪಮ್ಮಿ ಬದುಕಿದಳು. ಆ ಮಾತು ಖಚಿತವಾಗುವವರೆಗೆ ನೀಲಕ್ಕ ಕೊಳವೆಗಳ ನಡುವೆ ಮಲಗಿದ ಮಗಳನ್ನು ಗಾಜಿನ ಆಚೆಯಿಂದ ನೋಡುತ್ತ ನಿಂತೇ ಇದ್ದಳು. ಕೂತುಕೋ ಎಂದರೆ ಕೂರಲಿಲ್ಲ. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, “ನಾ ಹಡದಾಕಿ. ಸಾಲಿ ಹೊತ್ತು ಬಿಟ್ರ ಹಗಲೂ ರಾತ್ರಿ ಬಾಜೂಕ ಕುಂತು ಎಣ್ಣಿ ಹಚ್ಚಿ, ಎರದು, ಹೊಗಿ ಹಾಕಿದೆ. ನನಗ ಕಾಣಲಿಲ್ಲ. ಆ ಡಬ್ಬಿಗೆ ಕಾಣ್ತು” ಎಂದು ಎದೆ ಬಡಿದುಕೊಂಡಳು.

*

ಆಫೀಸಿಗೆ ಹೋದಾಗ ವಿನಾಯಕನಿಗೆ ನೌಶಾದ್ ಎಲ್ಲ ಹೇಳಿಯಾಗಿತ್ತು. ವಿನಾಯಕನ ಮುಖದಲ್ಲಿ ಹನಿ ರಕ್ತವಿರಲಿಲ್ಲ.

“ಅದನ್ನ ತಗದ್ಹಾಕೂಣು” ಎಂದ. “ಇವತ್ತ. ಒಬ್ಬರಿಗೂ ಗೊತ್ತಾಗಬಾರದು.”

“ನಮ್ಮ ಹುಡುಗಿ ಅದರಿಂದ ಉಳದಾಳ” ಎಂದೆ.

“ಒಪ್ಪತೇನ್ರಿ. ಕಾಲು ಹಿಡೀತೇನಿ ಬೇಕಾದ್ರ. ಆದ್ರ ಇದು ಮಂದಿಗೆ ಗೊತ್ತಾದ್ರ? ನಾಳೆ ನಿಮ್ಮ ಮನಿ ಬಾಗಲಕ್ಕ ತವರಿಂದ ಒಂದು ಸೀರಿ ಬಂತು ಅಂತ ತಿಳೀರಿ ಕಸ್ತೂರಿಯವರ. ಬಿಚ್ಚತೀರೇನು?”

ನನ್ನ ಬಾಯಿ ಕಟ್ಟಿಸಿದವರು ಅವತ್ತಿನವರೆಗೆ ಯಾರೂ ಇರಲಿಲ್ಲ.

ಅವನು ಮೆತ್ತಗೆ ಮುಂದುವರಿಸಿದ. “ಈ ನಾಡಿನ್ಯಾಗ ಅಣ್ಣ ಕಳಿಸಿದ ಸೀರಿ ನೋಡಿ ತಂಗಿ ಅಂಜಿ ನಡಗೋ ಹಂಗ ಆಗಬಾರದ್ರಿ. ಅದೊಂದು ಉಳದೈತಿ ನಮ್ಮ ಹೆಣ್ಣಮಕ್ಕಳಿಗೆ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನೌಶಾದ್‌ನ ಪರದೆಯ ಮೇಲೆ ಯಂತ್ರ ಬರಿಯ ಸೀರೆ ಆರಿಸಿಟ್ಟ ನಂಬರುಗಳು ಇದ್ದವು. ಇನ್ನೂ ಯಾವ ಅಣ್ಣನೂ ಕಳಿಸಿರದ ಸೀರೆಗಳು. ಎಷ್ಟಿವೆ ಎಂದು ಅವನು ಹೇಳಹೊರಟಾಗ ಬೇಡವೆಂದೆ.

“ನಾಳೆ ತಗೀರಿ” ಎಂದೆ. “ಬೇಕಾದ್ರ ಕಂಪನಿನ ಮುಚ್ಚರಿ. ಇವತ್ತು ಈ ಹೆಣ್ಣಮಕ್ಕಳಿಗೆ ಒಬ್ಬೊಬ್ಬರಿಗೂ ನಾ ಫೋನ್ ಮಾಡಾಕಿ. ಯಾಕ ಅಂತ ಹೇಳಂಗಿಲ್ಲ. ಹೆಂಗರ ಮಾಡಿ ಡಾಕ್ಟರ ಕಡೆ ಕಳಸ್ತೇನಿ. ಸುಳ್ಳು ಹೇಳ್ತೇನಿ, ಪುಕ್ಕಟೆ ಅಂತೇನಿ, ಬೈತೇನಿ.”

ವಿನಾಯಕ ಬೇಡವೆನ್ನಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ. ನೌಶಾದ್ ಮೊದಲ ನಂಬರು ಓದಿದ. ಶಿಗ್ಗಾವಿಯ ಒಬ್ಬ ಹೆಣ್ಣುಮಗಳು, ಶಶಿಕಲಾ ಎಂದು ಹೆಸರು. ಹಚ್ಚಿದೆ. ಅತ್ತಲಿಂದ ಎತ್ತಿದ್ದು ಗಂಡಸಿನ ದನಿ.

“ಯಾರ್ರಿ?”

“ನಮಸ್ಕಾರ್ರಿ, ಉಡಿ ಆ್ಯಪಿನವರು. ಶಶಿಕಲಾ ಅವರು ಅದಾರೇನ್ರಿ?”

“ಆಕಿ ಹೊಲಿಗಿ ಕ್ಲಾಸಿಗೆ ಹೋಗ್ಯಾಳ್ರಿ. ನಾನು ಆಕಿ ಗಂಡ್ರಿ. ಏನ್ ಹೇಳ್ರಿ.”

ಬೇರೆ ಏನನ್ನೂ ಹೇಳುವ ಮುಂಚೆ ನಾನು ಒಂದು ಮಾತು ಕೇಳಿದೆ. “ಯಜಮಾನ್ರ, ಈ ಫೋನು ಮನಿಯಾಗ ಯಾರ ಕೈಯಾಗ ಇರತೈತ್ರಿ?”

“ನನ್ನ ಕೈಯಾಗ ಇರತೈತ್ರಿ. ಹೆಸರಿಗಷ್ಟ ಆಕೀದು.” ಅವನು ನಡುವೆ ನಿಂತು, ಒಂದು ಉಸಿರು ಎಳೆದುಕೊಂಡು, ಲವಲವಿಕೆಯಿಂದ ಕೇಳಿದ. “ಯಾಕ್ರಿ ಅಕ್ಕಾರ? ಏನರ ಉಡುಗೊರಿ ಬರೂದೈತೇನು?”